ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿನ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು ಅನ್ನಿ. ಗ್ಯಾರೇಜಿನವರು ಸ್ಕ್ಯಾನರ್ ಸಿಕ್ಕಿಸುತ್ತಾರೆ, ಪರದೆ ನೋಡುತ್ತಾರೆ, ಬಹಳಷ್ಟು ಸಲ ಒಂದೇ ತೀರ್ಪು ಬರುತ್ತದೆ: "ಆಕ್ಸಿಜನ್ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು." ಟರ್ಬೊ ಇರುವ ಪೆಟ್ರೋಲ್ ಗಾಡಿಯಾದರಂತೂ ತೀರ್ಪು ಇನ್ನೂ ಬೇಗ. ಸಾವಿರಾರು ರೂಪಾಯಿ ಕೊಟ್ಟು ಹೊಸ ಸೆನ್ಸರ್ ಹಾಕಿಸಿಕೊಂಡು ಬಂದು, ವಾರ ಕಳೆಯೋದರೊಳಗೆ ಅದೇ ದೀಪ ಮತ್ತೆ ಮುಖಕ್ಕೆ ಹೊತ್ತಿದ್ದನ್ನು ಕಂಡವರು ನನ್ನ ಪರಿಚಯದಲ್ಲೇ ನಾಲ್ಕೈದು ಜನ ಇದ್ದಾರೆ.

ಈ ಸೆನ್ಸರ್ ಅನ್ನೋದು ಒಬ್ಬ ಸಾಕ್ಷಿ ಇದ್ದ ಹಾಗೆ. ಸೈಲೆನ್ಸರ್ ಪೈಪಿನೊಳಗೆ ಮೂತಿ ತೂರಿಸಿ ಕೂತು, ಇಂಜಿನ್ ಉಗುಳಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಹೇಳುವುದಷ್ಟೇ ಅದರ ಕೆಲಸ. ಹೇಳಿದ್ದು ಇಷ್ಟವಾಗಲಿಲ್ಲ ಅಂತ ಸಾಕ್ಷಿಯನ್ನೇ ಬದಲಾಯಿಸಿದರೆ ಕಳ್ಳ ಸಿಗ್ತಾನಾ? ಇದನ್ನು ಮೆಕ್ಯಾನಿಕ್ಕುಗಳ ಸೋಮಾರಿತನ ಅಂತ ಬೈದು ಸುಮ್ಮನಾಗಬಹುದು. ಆದರೆ ಈ ಅಭ್ಯಾಸಕ್ಕೆ ಒಂದು ಉದ್ದನೆಯ ಇತಿಹಾಸ ಇದೆ. ಆ ಇತಿಹಾಸ ಗೊತ್ತಿದ್ದರೆ ರಿಪೇರಿಯೂ ಸುಲಭ ಅನ್ನೋದು ನನ್ನ ಅನುಭವ.

ಕಥೆ ಶುರುವಾಗೋದೇ ಒಂದು ತಪ್ಪು ರೋಗನಿರ್ಣಯದಿಂದ. 1943ರ ಜುಲೈ 26, ಅಮೆರಿಕದ ಲಾಸ್ ಏಂಜಲೀಸ್. ಎರಡನೇ ಮಹಾಯುದ್ಧ ನಡೀತಾ ಇತ್ತು. ಅವತ್ತು ಊರಿನ ಮೇಲೆ ಕಂದು ಬಣ್ಣದ ಮಬ್ಬು ಇಳಿದು ಮೂರು ಬೀದಿ ಆಚೆಗೆ ಏನೂ ಕಾಣದ ಹಾಗಾಯಿತು. ಜನಕ್ಕೆ ಕಣ್ಣುರಿ, ಗಂಟಲು ಕೆರೆತ. ಜಪಾನಿನವರು ವಿಷಾನಿಲ ಬಿಟ್ಟರು ಅಂತ ಹೆದರಿದವರೂ ಇದ್ದರು. ಆಮೇಲೆ ಎಲ್ಲರ ಬೆರಳು ಹೋಗಿದ್ದು ಆಲಿಸೊ ಬೀದಿಯಲ್ಲಿದ್ದ ಒಂದು ಕಾರ್ಖಾನೆಯ ಕಡೆಗೆ. ಯುದ್ಧಕ್ಕೆ ಬೇಕಾದ ಕೃತಕ ರಬ್ಬರಿಗಾಗಿ ಬ್ಯುಟಾಡಯೀನ್ ತಯಾರಿಸುತ್ತಿದ್ದ ಕಾರ್ಖಾನೆ ಅದು. ವಾಸನೆಯೇನೋ ಬರುತ್ತಿತ್ತು, ಹಾಗಾಗಿ ಅದೇ ಅಪರಾಧಿ ಅಂತಾಯಿತು. ಅದನ್ನು ಸ್ವಲ್ಪ ಕಾಲ ನಿಲ್ಲಿಸಿಯೂ ನೋಡಿದರು. ಮಬ್ಬು ಮಾತ್ರ ಹೋಗಲಿಲ್ಲ. ಆಮೇಲೆ ಮನೆ ಹಿತ್ತಲಲ್ಲಿ ಕಸ ಸುಡುವ ಒಲೆಗಳ ಮೇಲೆ ತಪ್ಪು ಹೊರಿಸಿದರು. 1957ರಲ್ಲಿ ಅವನ್ನೂ ನಿಷೇಧಿಸಿದರು. ಆಗಲೂ ಮಬ್ಬು ಇದ್ದೇ ಇತ್ತು.

ನಿಜವಾದ ಅಪರಾಧಿಯನ್ನು ಹಿಡಿದವನು ಅನಾನಸ್ ಹಣ್ಣಿನ ಪರಿಮಳ ಯಾವುದರಿಂದ ಬರುತ್ತೆ ಅಂತ ಸಂಶೋಧನೆ ಮಾಡುತ್ತಿದ್ದ ಒಬ್ಬ ಮೇಷ್ಟ್ರು. ಹೆಸರು ಆರಿ ಹಾಗೆನ್-ಸ್ಮಿಟ್, ಹಾಲೆಂಡಿನಿಂದ ಬಂದು ಕಾಲ್ಟೆಕ್‌ನಲ್ಲಿ ಪಾಠ ಹೇಳುತ್ತಿದ್ದವನು. ಹಣ್ಣಿನ ಪರಿಮಳ ಹಿಡಿಯಲು ಇಟ್ಟುಕೊಂಡಿದ್ದ ಸಲಕರಣೆಗೇ ಊರಿನ ಗಾಳಿ ಹಾಯಿಸಿದ. ನಾಲ್ಕು ಹನಿ ಕಂದು ದ್ರವ ಸಿಕ್ಕಿತು. ಅಲ್ಲಿಂದ ಹಿಡಿದು 1950ರ ದಶಕದ ಶುರುವಿಗೆ ಅವನು ತೋರಿಸಿಕೊಟ್ಟಿದ್ದು ಇಷ್ಟು: ಕಾರುಗಳ ಪೈಪಿನಿಂದ ಬರುವ ಸುಡದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆ, ಕಣ್ಣುರಿಸೋದು ಅದರ ಸಂಸಾರ. ಬಗ್ಗಿಸಿದ ರಬ್ಬರ್ ತುಂಡನ್ನು ಆ ಗಾಳಿಯಲ್ಲಿಟ್ಟರೆ ಬಿರುಕು ಬಿಡುತ್ತಿತ್ತು. ಅದೇ ಅವನ ಅಳತೆಗೋಲು. ತೈಲ ಕಂಪನಿಗಳ ದುಡ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದವರು ಅವನ ಮಾತನ್ನು ಸಭೆಯಲ್ಲೇ ತಳ್ಳಿಹಾಕಿದರು. ಆ ಮನುಷ್ಯನಿಗೆ ಸಿಟ್ಟು ಬಂದು ಅನಾನಸ್ ಬಿಟ್ಟು ಹೊಗೆಯ ಹಿಂದೆಯೇ ಬಿದ್ದ. ಆ ಸಿಟ್ಟಿಗೆ ನಾವೆಲ್ಲ ಋಣಿಗಳು ಅಂತ ನನಗನ್ನಿಸುತ್ತೆ.

ಮುಂದಿನದ್ದನ್ನು ಸ್ವಲ್ಪ ಬೇಗ ಹೇಳಿಬಿಡ್ತೀನಿ. 1970ರ ಡಿಸೆಂಬರ್ ಕೊನೆಗೆ ಅಮೆರಿಕ ಹೊಸ ಶುದ್ಧಗಾಳಿ ಕಾಯಿದೆ ತಂದಿತು. ಕಾರುಗಳ ಹೊಗೆಯಲ್ಲಿನ ವಿಷವನ್ನು ಐದಾರು ವರ್ಷದಲ್ಲಿ ಶೇ. 90ರಷ್ಟು ಇಳಿಸಬೇಕು ಅಂತ ಅಪ್ಪಣೆ. ಸಾಧ್ಯವೇ ಇಲ್ಲ ಅಂತ ಕಾರು ಕಂಪನಿಗಳು ಬೊಬ್ಬೆ ಹಾಕಿ ಒಂದಿಷ್ಟು ಗಡುವು ಮುಂದಕ್ಕೆ ಹಾಕಿಸಿಕೊಂಡವು. ಕೊನೆಗೆ 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂತು. ಸೀಸ ಬೆರೆಸಿದ ಪೆಟ್ರೋಲ್ ಅದನ್ನು ಹಾಳು ಮಾಡುತ್ತೆ ಅನ್ನೋ ಕಾರಣಕ್ಕೆ ಸೀಸವಿಲ್ಲದ ಪೆಟ್ರೋಲೂ ಬಂತು.

ಆದರೆ ಆ ಮೊದಲ ಕನ್ವರ್ಟರುಗಳು ಅರ್ಧ ಕೆಲಸ ಮಾತ್ರ ಮಾಡುತ್ತಿದ್ದವು. ಕಾರ್ಬನ್ ಮಾನಾಕ್ಸೈಡನ್ನೂ ಸುಡದ ಪೆಟ್ರೋಲ್ ಆವಿಯನ್ನೂ ಸುಡೋಕೆ ಆಮ್ಲಜನಕ ಬೇಕು, ನೈಟ್ರೋಜನ್ ಆಕ್ಸೈಡನ್ನು ಒಡೆಯೋಕೆ ಆಮ್ಲಜನಕ ಇರಬಾರದು. ಮೂರನ್ನೂ ಒಂದೇ ಡಬ್ಬಿಯಲ್ಲಿ ಮಾಡಬೇಕಾದರೆ ಇಂಜಿನ್ನಿಗೆ ಹೋಗುವ ಮಿಕ್ಸಚರ್ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಅನ್ನೋ ಲೆಕ್ಕಕ್ಕೆ ಅಂಟಿಕೊಂಡಿರಬೇಕು. ಅತ್ತಿತ್ತ ಒಂದು ಪರ್ಸೆಂಟು ಸರಿದರೂ ಕೆಲಸ ಕೆಟ್ಟಿತು. ಗಾಳಿ ಜಾಸ್ತಿಯಾದರೆ ಮೆಕ್ಯಾನಿಕ್ ಭಾಷೆಯಲ್ಲಿ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಸ್ಕ್ರೂಡ್ರೈವರಿನಲ್ಲಿ ಕಾರ್ಬುರೇಟರ್ ತಿರುಗಿಸಿ ಇಷ್ಟು ಸೂಕ್ಷ್ಮ ಹಿಡಿಯೋದು ಯಾವ ಮಂತ್ರವಾದಿಗೂ ಆಗೋ ಕೆಲಸವಲ್ಲ. ಓಡುತ್ತಿರುವಾಗಲೇ ಹೊಗೆಯ ರುಚಿ ನೋಡಿ, "ಉಪ್ಪು ಕಮ್ಮಿ, ಉಪ್ಪು ಜಾಸ್ತಿ" ಅಂತ ಕ್ಷಣಕ್ಷಣವೂ ಹೇಳುವ ಒಂದು ನಾಲಿಗೆ ಬೇಕಿತ್ತು.

ಆ ನಾಲಿಗೆ ಸಿಕ್ಕಿದ್ದು ಒಂದು ಹಳೇ ಬಲ್ಬಿನಲ್ಲಿ.

ಜರ್ಮನಿಯ ಗೊಟ್ಟಿಂಗೆನ್‌ನಲ್ಲಿದ್ದ ವಾಲ್ಟರ್ ನೆರ್ನ್‌ಸ್ಟ್ ದೊಡ್ಡ ರಸಾಯನಶಾಸ್ತ್ರಜ್ಞ. 1920ರ ನೊಬೆಲ್ ಅವನಿಗೇ ಸಿಕ್ಕಿದ್ದು. ಜೊತೆಗೆ ಕಾರಿನ ಹುಚ್ಚು. ಅವನು 1890ರ ದಶಕದ ಕೊನೆಗೆ ಜಿರ್ಕೋನಿಯಾಕ್ಕೆ ಸುಮಾರು ಶೇ. 15ರಷ್ಟು ಇಟ್ರಿಯಾ ಬೆರೆಸಿ ಪಿಂಗಾಣಿಯಂಥ ಸಣ್ಣ ಕಡ್ಡಿ ಮಾಡಿದ. ಅದಕ್ಕೆ ಕರೆಂಟು ಹರಿಸಿದರೆ ಬೆಳ್ಳಗೆ ಉರಿಯುತ್ತಿತ್ತು, ಆ ಕಾಲದ ಎಡಿಸನ್ ಬಲ್ಬಿಗಿಂತ ಚೆನ್ನಾಗಿ. ಎಇಜಿ ಕಂಪನಿ ಅದರ ಹಕ್ಕನ್ನು ಭಾರೀ ಬೆಲೆಗೆ ಕೊಂಡುಕೊಂಡಿತು. ಒಂದೇ ತೊಂದರೆ ಅಂದರೆ, ಆ ಕಡ್ಡಿ ತಣ್ಣಗಿದ್ದಾಗ ಕರೆಂಟನ್ನೇ ಬಿಡುತ್ತಿರಲಿಲ್ಲ. ಮೊದಮೊದಲು ಬೆಂಕಿಕಡ್ಡಿ ಗೀರಿ ಬಿಸಿ ಮಾಡಬೇಕಿತ್ತು. ಆಮೇಲೆ ಸುತ್ತಲೂ ಪ್ಲಾಟಿನಂ ತಂತಿಯ ಹೀಟರ್ ಸುತ್ತಿದರು. ಸ್ವಿಚ್ ಹಾಕಿ ಅರ್ಧ ನಿಮಿಷ ಕತ್ತಲಲ್ಲಿ ಕಾಯಬೇಕು! ಟಂಗ್‌ಸ್ಟನ್ ಬಲ್ಬು ಬಂದ ಮೇಲೆ ಈ ದೀಪ ಮೂಲೆ ಸೇರಿತು. ಈ ಹೀಟರ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಆ ಕಡ್ಡಿಯೊಳಗೆ ಹರಿಯೋದು ಮಾಮೂಲಿ ತಾಮ್ರದ ತಂತಿಯ ಹಾಗೆ ಎಲೆಕ್ಟ್ರಾನ್ ಅಲ್ಲ, ಸ್ವತಃ ಆಮ್ಲಜನಕದ ಅಯಾನುಗಳು ಅಂತ ಬಿಡಿಸಿ ಹೇಳಿದವನು ಕಾರ್ಲ್ ವಾಗ್ನರ್, ಅದೂ 1943ರಲ್ಲಿ. ಲಾಸ್ ಏಂಜಲೀಸಿನಲ್ಲಿ ಜನ ಕಣ್ಣುಜ್ಜಿಕೊಳ್ಳುತ್ತಿದ್ದ ಅದೇ ವರ್ಷ. ಎರಡಕ್ಕೂ ಯಾವ ಸಂಬಂಧವೂ ಇರಲಿಲ್ಲ, ಯುದ್ಧದಲ್ಲಿ ಎದುರಾಬದುರು ನಿಂತಿದ್ದ ಎರಡು ದೇಶಗಳು. ಈಗ ಆ ಎರಡು ಸಂಗತಿ ಒಂದೇ ಪೈಪಿನಲ್ಲಿ ಕೂತಿವೆ.

ಕೆಲಸ ಮಾಡೋ ಬಗೆ ಸರಳ. ಜಿರ್ಕೋನಿಯಾವನ್ನು ಒಂದು ಅಣೆಕಟ್ಟಿನ ಗೋಡೆ ಅಂದುಕೊಳ್ಳಿ. ಒಂದು ಕಡೆ ಹೊರಗಿನ ಗಾಳಿ, ಅದರಲ್ಲಿ ಆಮ್ಲಜನಕ ತುಂಬಾ. ಇನ್ನೊಂದು ಕಡೆ ಇಂಜಿನ್ನಿನ ಹೊಗೆ. ಆ ಕಡೆ ಆಮ್ಲಜನಕ ಬತ್ತಿದಷ್ಟೂ ಈ ಕಡೆಯಿಂದ ನೂಕು ಹೆಚ್ಚು, ಆ ನೂಕೇ ವೋಲ್ಟೇಜ್. ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ 0.1ರ ಆಸುಪಾಸು, ನಡುವೆ 0.45ರಲ್ಲಿ ಗಡಿ. ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು: ಈ ಸೆನ್ಸರಿಗೆ ಪೆಟ್ರೋಲ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಆಮ್ಲಜನಕ ಒಂದೇ. ಪ್ಲಗ್ ಕೆಟ್ಟು ಒಂದು ಸಿಲಿಂಡರ್ ಉರಿಯದೇ ಹೋದರೆ ಪೆಟ್ರೋಲೂ ಹಾಗೇ ಹೊರಬರುತ್ತೆ, ಆಮ್ಲಜನಕವೂ ಹಾಗೇ ಹೊರಬರುತ್ತೆ. ಸೆನ್ಸರ್ ಆಮ್ಲಜನಕ ನೋಡಿ "ಲೀನ್" ಅನ್ನುತ್ತೆ. ಅದು ಸುಳ್ಳು ಹೇಳಲಿಲ್ಲ, ಕಂಡದ್ದನ್ನು ಹೇಳಿತು. ಕಂಪ್ಯೂಟರ್ ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತೆ. ಮೈಲೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ, ಬೈಸಿಕೊಳ್ಳೋದು ಸೆನ್ಸರ್.

ಇದನ್ನು ಕಾರಿಗೆ ತಂದವರು ಸ್ಟುಟ್‌ಗಾರ್ಟಿನ ಬಾಷ್ ಕಂಪನಿಯವರು. ಅವರೇ ಯಾಕೆ? ಪ್ಲಗ್! ಬೆಂಕಿ, ಒತ್ತಡ, ಅದುರಾಟ ಮೂರನ್ನೂ ತಡೆದುಕೊಳ್ಳುವ ಪಿಂಗಾಣಿಯನ್ನು ಲೋಹದ ಮೈಗೆ ಕೂರಿಸುವ ವಿದ್ಯೆ ಅವರಿಗೆ 1902ರಿಂದ ಕೈಗತವಾಗಿತ್ತು. ಆಕ್ಸಿಜನ್ ಸೆನ್ಸರನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ, ಪ್ಲಗ್ಗಿನ ದಾಯಾದಿ ಅಂತ ಯಾರಾದರೂ ಹೇಳ್ತಾರೆ, ಮರೆ ಮಾತ್ರ ಒಂದಿಷ್ಟು ದಪ್ಪ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಇದೇ ಬಾಷ್ ಬಳಗದ್ದು. 1951ರಲ್ಲಿ ಶುರುವಾಗಿ, 2008ರಲ್ಲಿ ಹೆಸರು ಬದಲಾಯಿಸಿಕೊಂಡರೂ ಮೈಕೋ ಲೇಔಟ್ ಇನ್ನೂ ಮೈಕೋ ಲೇಔಟೇ. "ಮೈಕೋ ಪ್ಲಗ್ ಕೊಡಿ" ಅಂತ ಕೇಳಿ ಬೆಳೆದ ತಲೆಮಾರಿಗೆ ಈ ಸೆನ್ಸರ್ ನೆಂಟನೇ ಸರಿ.

ಮೊದಲು ಕೂರಿಸಿಕೊಂಡ ಕಾರು ಸ್ವೀಡನ್ನಿನ ವೋಲ್ವೊ. 1976ರಲ್ಲಿ, 1977ರ ಮಾದರಿ ಅಂತ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದ 240 ಸರಣಿಯ ಗಾಡಿಗಳು. ಕಂಪನಿಯೊಳಗೆ ಇದರ ಹಿಂದೆ ಬಿದ್ದಿದ್ದ ಇಂಜಿನಿಯರ್ ಸ್ಟೀಫನ್ ವಾಲ್‌ಮನ್. ಗಾಡಿಯ ಮುಂದಿನ ಜಾಲರಿಗೇ "ಲ್ಯಾಂಬ್ಡಾ ಸಾಂಡ್" ಅಂತ ಪಟ್ಟಿ ಅಂಟಿಸಿ ಮೆರೆದರು. ಹೊಗೆಯ ಲೆಕ್ಕ ಕಾಯಿದೆ ಕೇಳಿದ್ದಕ್ಕಿಂತಲೂ ಎಷ್ಟೋ ಕೆಳಗೆ ಬಂತು. ಸಾಧ್ಯವೇ ಇಲ್ಲ ಅಂದಿದ್ದವರ ಬಾಯಿಗೆ ಬೀಗ.

ಆದರೆ "ಸೆನ್ಸರ್ ಬದಲಾಯಿಸು" ಅನ್ನೋ ಚಾಳಿಯ ಬೇರು ಇರೋದೂ ಇದೇ ಕಾಲದಲ್ಲಿ. ಆ ಮೊದಲ ಸೆನ್ಸರುಗಳ ಆಯಸ್ಸು ಕಡಿಮೆ. ಹಾಗಾಗಿ ವೋಲ್ವೊ, ಸಾಬ್, ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಒಂದು ದೀಪ ಇಟ್ಟಿದ್ದರು. 30,000 ಮೈಲಿ ಓಡಿದ ಕೂಡಲೇ ಅದು ಹೊತ್ತಿಕೊಳ್ಳುತ್ತಿತ್ತು. ಸೆನ್ಸರ್ ಕೆಟ್ಟಿದೆಯೋ ಇಲ್ಲವೋ ಆ ದೀಪಕ್ಕೆ ಗೊತ್ತೇ ಇರಲಿಲ್ಲ, ಓಡೋಮೀಟರಿನ ಜೊತೆ ಸೇರಿಸಿದ್ದ ಬರೀ ಲೆಕ್ಕದ ಯಂತ್ರ ಅದು. ದೀಪ ಬಂದರೆ ಸೆನ್ಸರ್ ಬದಲಾಯಿಸು, ಗುಂಡಿ ಒತ್ತಿ ದೀಪ ಆರಿಸು. ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಇದನ್ನೇ ಕಲಿತರು. ಮುಂದೆ ದೀಪದ ಅರ್ಥ ಪೂರ್ತಿ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ.

ಇದೇ ಹೊತ್ತಿಗೆ ಟರ್ಬೊ ಬಂತು. 1977ರಲ್ಲಿ ಸಾಬ್ ಕಂಪನಿ ತನ್ನ 99 ಟರ್ಬೊ ತೋರಿಸಿತು. ಬಿಎಂಡಬ್ಲ್ಯು, ಪೋರ್ಷೆಗಳು ಮೊದಲೇ ಟರ್ಬೊ ಮಾಡಿದ್ದವು, ಆದರೆ ದಿನಾ ಆಫೀಸಿಗೆ ಓಡಿಸುವ ಸಂಸಾರಿ ಕಾರಿಗೆ ಅದನ್ನು ಒಗ್ಗಿಸಿದ ಕೀರ್ತಿ ಸಾಬಿನದು. 1981ರಲ್ಲಿ ವೋಲ್ವೊ 240 ಟರ್ಬೊ. ಅಮೆರಿಕಕ್ಕೆ ಹೋದ ಈ ಗಾಡಿಗಳಲ್ಲಿ ಟರ್ಬೊ, ಆಕ್ಸಿಜನ್ ಸೆನ್ಸರ್ ಎರಡೂ ಒಟ್ಟಿಗೆ ಸಂಸಾರ ಮಾಡಬೇಕಾಯಿತು. ಅತ್ತೆ ಸೊಸೆ ಜಗಳ ಶುರುವಾಗಿದ್ದು ಆಗಲೇ.

ಮೊದಲನೇ ಜಗಳ ಬಿಸಿಯದ್ದು. ನೆರ್ನ್‌ಸ್ಟ್ ಕಡ್ಡಿಯ ಹಾಗೆ ಈ ಸೆನ್ಸರೂ ತಣ್ಣಗಿದ್ದರೆ ಮೂಕ, ಸುಮಾರು 300 ಡಿಗ್ರಿ ದಾಟಿದ ಮೇಲೆ ಬಾಯಿ ಬಿಡುತ್ತೆ. ಟರ್ಬೊ ಗಾಡಿಯಲ್ಲಿ ಸೆನ್ಸರ್ ಇರೋದು ಸಾಮಾನ್ಯವಾಗಿ ಟರ್ಬೊ ದಾಟಿದ ಮೇಲೆ. ಹೊಗೆಯ ಬಿಸಿಯಲ್ಲಿ ಒಂದಿಷ್ಟನ್ನು ಟರ್ಬೊ ತಾನೇ ತಿಂದುಬಿಡುತ್ತೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತು ಐಡಲ್ ಆಗುತ್ತಿದ್ದರೆ ಸೆನ್ಸರ್ ತಣ್ಣಗಾಗಿ ಸಾಕ್ಷಿ ನುಡಿಯೋದನ್ನೇ ನಿಲ್ಲಿಸುತ್ತಿತ್ತು. 1982ರಲ್ಲಿ ಬಾಷ್‌ನವರು ಸೆನ್ಸರಿನ ಹೊಟ್ಟೆಯೊಳಗೆ ಹೀಟರ್ ಇಟ್ಟರು. ಬಲ್ಬಿಗೆ ಹೀಟರ್ ಸುತ್ತಿದ ಕಾಲದಿಂದ ಇಲ್ಲಿಗೆ ಎಂಬತ್ತು ಚಿಲ್ಲರೆ ವರ್ಷ. ಒಂದು ವೈರಿದ್ದ ಸೆನ್ಸರಿಗೆ ಮೂರಾಯಿತು, ನಾಲ್ಕಾಯಿತು. ವೈರು ಹೆಚ್ಚಾದ ಹಾಗೆ ಕೆಡೋ ಜಾಗವೂ ಹೆಚ್ಚು.

ಎರಡನೇ ಜಗಳ ನನಗೆ ತುಂಬಾ ಇಷ್ಟ, ಯಾಕೆಂದರೆ ಟರ್ಬೊ ಗಾಡಿಯ ರೋಗ ಹಿಡಿಯೋ ಗುಟ್ಟು ಅಲ್ಲೇ ಇದೆ. ಆ ಸಾಬ್, ವೋಲ್ವೊ ಗಾಡಿಗಳಲ್ಲಿದ್ದದ್ದು ಬಾಷ್‌ನ ಕೆ-ಜೆಟ್ರಾನಿಕ್ ಇಂಜೆಕ್ಷನ್. ಒಳಗೆ ಹೋಗುವ ಗಾಳಿಯನ್ನು ಟರ್ಬೊಗೂ ಮುಂಚೆಯೇ ಒಂದು ತಟ್ಟೆಯಿಂದ ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುವ ವ್ಯವಸ್ಥೆ. ಈಗ ಥ್ರಾಟಲ್ ಆಚೆಗೆ, ಇಂಜಿನ್ನಿಗೆ ಹತ್ತಿರ, ಒಂದು ಹೋಸ್ ಬಿರುಕು ಬಿಟ್ಟಿದೆ ಅನ್ನಿ. ಐಡಲ್‌ನಲ್ಲಿ ಆ ಜಾಗದಲ್ಲಿ ವ್ಯಾಕ್ಯೂಮ್ ಇರುತ್ತೆ. ಬಿರುಕಿನಿಂದ ಅಳತೆಗೆ ಸಿಗದ ಗಾಳಿ ಕದ್ದು ಒಳಗೆ ಬರುತ್ತೆ, ಸೆನ್ಸರ್ "ಲೀನ್" ಅನ್ನುತ್ತೆ. ಅದೇ ಗಾಡಿಯ ಆಕ್ಸಿಲರೇಟರ್ ತುಳಿದರೆ ಟರ್ಬೊ ಗಾಳಿ ತುಂಬಿ ಅಲ್ಲಿ ಒತ್ತಡ ಏರುತ್ತೆ. ಈಗ ಅಳತೆಯಾದ ಗಾಳಿಯೇ ಬಿರುಕಿನಿಂದ ಹೊರಗೆ ಸೋರುತ್ತೆ. ಇಲ್ಲದ ಗಾಳಿಗೆ ಪೆಟ್ರೋಲ್ ಹೋಗುತ್ತೆ, ಮಿಕ್ಸಚರ್ ರಿಚ್ ಆಗುತ್ತೆ. ತೂತು ಒಂದೇ, ಸಾಕ್ಷಿ ಎರಡು ಥರ! ಟರ್ಬೊ ಇಲ್ಲದ ಗಾಡಿಗಳನ್ನಷ್ಟೇ ನೋಡಿದ ಮೆಕ್ಯಾನಿಕ್ ಇದನ್ನು ನೋಡಿದರೆ ಏನಂತಾನೆ? ಒಮ್ಮೆ ಲೀನ್ ಅಂತೆ, ಒಮ್ಮೆ ರಿಚ್ ಅಂತೆ, ಸೆನ್ಸರಿಗೆ ತಲೆ ಕೆಟ್ಟಿದೆ ಅಂತಾನೆ.

ಹೊಗೆಯ ಕಡೆಯೂ ಅಷ್ಟೇ. ಟರ್ಬೊದ ಸುತ್ತ ಇರೋ ಬೋಲ್ಟು, ಗ್ಯಾಸ್ಕೆಟ್ಟುಗಳು ಕೆಂಪಗೆ ಕಾದು ತಣ್ಣಗಾಗಿ ಸಡಿಲವಾಗ್ತವೆ. ಟರ್ಬೊದಿಂದ ಪೈಪಿಗೆ ಇಳಿಯುವ ಜಾಯಿಂಟಿನಲ್ಲಿ ಒಂದು ಕೂದಲೆಳೆ ಸಂದು ಬಿಟ್ಟರೂ ಐಡಲ್‌ನಲ್ಲಿ ಹೊರಗಿನ ಗಾಳಿ ಒಳಗೆ ನುಸುಳುತ್ತೆ. ಸೆನ್ಸರ್ ಮತ್ತೆ "ಲೀನ್". ಇನ್ನು ಟರ್ಬೊದ ಸೀಲ್ ಸವೆದು ಆಯಿಲ್ ಹೊಗೆಗೆ ಸೇರುತ್ತಿದ್ದರೆ ಆಗ ಮಾತ್ರ ಸೆನ್ಸರ್ ನಿಜಕ್ಕೂ ಸಾಯುತ್ತೆ. ಆಯಿಲಿನಲ್ಲಿರೋ ರಂಜಕ ಅದರ ಮೈಗೆ ಲೇಪವಾಗುತ್ತೆ. ಸಿಕ್ಕಸಿಕ್ಕಲ್ಲಿ ಮೆತ್ತುವ ಸಿಲಿಕೋನ್ ಗೋಂದೂ ವಿಷವೇ. ಇಂಥ ಕಡೆ ಹೊಸ ಸೆನ್ಸರ್ ಹಾಕಿದರೂ ಕಾರಣ ಹಾಗೇ ಉಳಿದಿರುತ್ತೆ, ಹೊಸದೂ ಅದೇ ದಾರಿ ಹಿಡಿಯುತ್ತೆ.

ಹಾಗಾದರೆ ಸೆನ್ಸರ್ ಬದುಕಿದೆಯೋ ಸತ್ತಿದೆಯೋ ತಿಳಿಯೋದು ಹೇಗೆ? ಆ ಕಾಲದ ಒಳ್ಳೆಯ ಮೆಕ್ಯಾನಿಕ್ಕುಗಳು ಕಂಡುಕೊಂಡ ವಿಧಾನ ನಮ್ಮ ಕೋರ್ಟುಗಳ ಪಾಟೀಸವಾಲಿನ ಥರವೇ ಇದೆ: ಉತ್ತರ ನಮಗೆ ಮೊದಲೇ ಗೊತ್ತಿರೋ ಪ್ರಶ್ನೆ ಕೇಳು. ಇಂಜಿನ್ ಓಡುತ್ತಿರುವಾಗ ಒಂದು ವ್ಯಾಕ್ಯೂಮ್ ಹೋಸ್ ಬೇಕಂತಲೇ ಬಿಚ್ಚಿದರೆ ಲೀನ್ ಆಗಲೇಬೇಕು, ವೋಲ್ಟೇಜ್ ತಟ್ಟನೆ 0.2ಕ್ಕಿಂತ ಕೆಳಗೆ ಬೀಳಬೇಕು. ಗಾಳಿ ಹೋಗುವ ಬಾಯಿಗೆ ಸ್ವಲ್ಪ ಪ್ರೊಪೇನ್ ಬಿಟ್ಟರೆ ರಿಚ್ ಆಗಲೇಬೇಕು, 0.8 ದಾಟಬೇಕು. ಎರಡಕ್ಕೂ ಕೂಡಲೇ ಸರಿಯಾಗಿ ಉತ್ತರ ಕೊಟ್ಟರೆ ಸಾಕ್ಷಿ ಗಟ್ಟಿ, ಬೇರೆ ಕಡೆ ಹುಡುಕು. ತಡವರಿಸಿದರೆ ಮುದಿಯಾಗಿದೆ. ಏನೂ ಅನ್ನದಿದ್ದರೆ ಮೊದಲು ಹೀಟರ್ ನೋಡು, ಆಮೇಲೆ ವೈರ್ ನೋಡು.

ಈ ಪಾಟೀಸವಾಲನ್ನು ಕಂಪ್ಯೂಟರಿನ ತಲೆಗೆ ತುಂಬಿಸುವ ಪ್ರಯತ್ನವೇ ಓಬಿಡಿ, ಅಂದರೆ ಗಾಡಿಯೇ ತನ್ನ ರೋಗ ತಾನು ಹೇಳಿಕೊಳ್ಳುವ ವ್ಯವಸ್ಥೆ. ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಮೊದಲ ಹಂತ ತಂದಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರಿಗೂ ಎರಡನೇ ಹಂತ ಕಡ್ಡಾಯ: ಒಂದೇ ಆಕಾರದ ಸಾಕೆಟ್, ಎಲ್ಲ ಕಂಪನಿಗೂ ಒಂದೇ ಕೋಡ್ ಪಟ್ಟಿ. ಇವತ್ತು ಜೆ.ಸಿ. ರೋಡಿನಲ್ಲಿ ಸಿಗುವ ಸಣ್ಣ ಸ್ಕ್ಯಾನರ್ ಕೆಲಸ ಮಾಡೋದು ಆ ಒಪ್ಪಂದದ ದಯೆಯಿಂದ. ಆ ಪಟ್ಟಿ ಬರೆದವರು ಎಚ್ಚರದಿಂದಲೇ ಬರೆದಿದ್ದಾರೆ. ಪಿ 0171 ಅಂದರೆ ಮಿಕ್ಸಚರ್ ತೀರಾ ಲೀನ್ ಅಂತ ಅಷ್ಟೇ, ಅದರಲ್ಲಿ ಸೆನ್ಸರಿನ ಹೆಸರೇ ಇಲ್ಲ. ಪಿ 0133 ಅಂದರೆ ಸೆನ್ಸರಿನ ಉತ್ತರ ನಿಧಾನ. ಪಿ 0135 ಅಂದರೆ ಹೀಟರಿನ ಸರ್ಕ್ಯೂಟ್. ಅದಕ್ಕೆ ಒಂದು ಸಣ್ಣ ಫ್ಯೂಸ್ ಸುಟ್ಟಿದ್ದರೂ ಸಾಕು. ನಮ್ಮ ಗ್ಯಾರೇಜುಗಳಲ್ಲಿ ಇವು ಮೂರಕ್ಕೂ ಅನುವಾದ ಒಂದೇ: "ಸೆನ್ಸರ್ ಹೋಗಿದೆ."

ನನ್ನ ಗಾಡಿಯದೇ ಉದಾಹರಣೆ ಹೇಳ್ತೀನಿ. ಪುಟ್ಟ ಟರ್ಬೊ ಪೆಟ್ರೋಲ್ ಕಾರು, ಗಾಳಿ ಅಳೆಯುವ ಮೀಟರ್ ಇರುವಂಥದ್ದು, ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿತ್ತು. ಪಿ 0171 ಬಂತು. ಸರ್ವಿಸ್ ಸೆಂಟರಿನವರು ಸೆನ್ಸರಿಗೆ ಹದಿನಾಲ್ಕು ಸಾವಿರದ ಅಂದಾಜು ಕೊಟ್ಟರು. ನಾನು ಗಾಡಿ ತಗೊಂಡು ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಆತ ಕೋಡ್ ಓದಿ ಸ್ಕ್ಯಾನರ್ ಪಕ್ಕಕ್ಕಿಡಲಿಲ್ಲ, ಲೈವ್ ಡೇಟಾ ತೆಗೆದರು. ಅದರಲ್ಲಿ ಫ್ಯೂಯಲ್ ಟ್ರಿಮ್ ಅಂತ ಒಂದು ಅಂಕಿ ಇರುತ್ತೆ, ಸೆನ್ಸರಿನ ಮಾತು ಕೇಳಿ ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡಿದೆ ಅನ್ನೋ ಲೆಕ್ಕ. ಐಡಲ್‌ನಲ್ಲಿ ಅದು ಪ್ಲಸ್ 19 ಪರ್ಸೆಂಟ್ ಇತ್ತು.

"ಸಾರ್, ಕೂತ್ಕೊಂಡು 2,500ರಲ್ಲಿ ಹಿಡೀರಿ" ಅಂದರು. ಹಿಡಿದೆ. ಅಂಕಿ ಇಳೀತಾ ಬಂದು ಪ್ಲಸ್ 4ಕ್ಕೆ ನಿಂತಿತು.

"ಸೆನ್ಸರ್ ಕೆಟ್ಟಿದ್ರೆ ಇಲ್ಲೂ ಸುಳ್ಳು ಹೇಳ್ಬೇಕಿತ್ತಲ್ವಾ? ಐಡಲ್‌ನಲ್ಲಿ ಮಾತ್ರ ಯಾಕ್ ಹೇಳುತ್ತೆ?"

ಐಡಲ್‌ನಲ್ಲಿ ಇಂಜಿನ್ ಎಳೆಯೋ ಗಾಳಿಯೇ ಕಮ್ಮಿ, ಹಾಗಾಗಿ ಕದ್ದು ಬರುವ ಗಾಳಿಯ ಪಾಲು ದೊಡ್ಡದು. ರೈಸ್ ಮಾಡಿದರೆ ಬರುವ ಗಾಳಿ ಹೆಚ್ಚು, ಕಳ್ಳಗಾಳಿಯ ಪಾಲು ಸಣ್ಣದು. ಅಂಕಿಯ ಆ ಇಳಿತವೇ ಸುಳಿವು. ಆಮೇಲೆ ಅವರು ಕಾರ್ಬುರೇಟರ್ ಕ್ಲೀನರ್ ಡಬ್ಬಿ ತೆಗೆದುಕೊಂಡು, ಬಿಸಿ ಪೈಪುಗಳಿಂದ ದೂರ ಇರೋ ಹಾಗೆ ನೋಡಿಕೊಂಡು, ಒಂದೊಂದೇ ಹೋಸಿನ ಬುಡಕ್ಕೆ ಚೂರುಚೂರು ಸ್ಪ್ರೇ ಮಾಡ್ತಾ ಬಂದರು. ಬ್ರೇಕ್ ಬೂಸ್ಟರ್ ಹೋಸ್, ಏನಿಲ್ಲ. ಮ್ಯಾನಿಫೋಲ್ಡ್ ಅಂಚು, ಏನಿಲ್ಲ. ಇಂಜಿನ್ನಿನೊಳಗಿನ ಆವಿಯನ್ನು ವಾಪಸ್ ಮ್ಯಾನಿಫೋಲ್ಡಿಗೆ ತರುವ ಬ್ರೀದರ್ ಪೈಪಿನ ಮೊಣಕೈ ಹತ್ತಿರ ಬಂದಾಗ ಇಂಜಿನ್ ಸದ್ದು ಬದಲಾಯಿತು, ಪರದೆಯ ಮೇಲೆ ಸೆನ್ಸರಿನ ಅಂಕಿ ತಟಕ್ಕನೆ ರಿಚ್ ಕಡೆಗೆ ಜಿಗಿಯಿತು. ಪೈಪಿನ ಕೆಳಗಡೆ ಬೆರಳಾಡಿಸಿದರೆ ಸೀಳು, ಸುತ್ತ ಆಯಿಲಿನ ಜಿಡ್ಡು. ಐಡಲ್‌ನಲ್ಲಿ ಗಾಳಿ ಎಳೆದುಕೊಂಡು, ಬೂಸ್ಟಿನಲ್ಲಿ ಆಯಿಲ್ ಆವಿಯನ್ನು ಹೊರಗುಗುಳಿ ಆ ಜಿಡ್ಡು ಕೂತಿತ್ತು. ಸಾಬ್ ಕಾಲದ ಅದೇ ಎರಡು ಥರದ ಸಾಕ್ಷಿ.

ಆ ಒಂದು ಸ್ಪ್ರೇಯಲ್ಲಿ ಎರಡು ಕೆಲಸ ಆಗಿತ್ತು ಅನ್ನೋದನ್ನು ಗಮನಿಸಿ. ಕಳ್ಳ ಸಿಕ್ಕ, ಜೊತೆಗೆ ಸಾಕ್ಷಿ ಗಟ್ಟಿ ಅಂತಲೂ ಗೊತ್ತಾಯಿತು, ಕ್ಷಣದಲ್ಲಿ ಉತ್ತರ ಕೊಟ್ಟಿತಲ್ಲ. ಪೈಪಿಗೆ ಒಂಬೈನೂರು, ಕೂಲಿ ಬೇರೆ. ಸೆನ್ಸರ್ ಹಳೆಯದೇ ಇದೆ.

ನಮ್ಮ ದೇಶಕ್ಕೆ ಈ ಸರಂಜಾಮು ಬಂದ ದಾರಿಯೂ ಸ್ವಲ್ಪ ವಿಚಿತ್ರ. 1995ರ ಏಪ್ರಿಲ್‌ನಲ್ಲಿ ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸು ನಾಲ್ಕೇ ಊರಿನಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯ ಆಯಿತು. ಗಾಡಿಗಳಲ್ಲಿದ್ದದ್ದು ಇನ್ನೂ ಕಾರ್ಬುರೇಟರ್. ಅಂದರೆ ಡಬ್ಬಿ ಬಂತು, ನಾಲಿಗೆ ಬರಲಿಲ್ಲ. ಊರು ದಾಟಿ ಹೋದರೆ ಬಂಕಿನಲ್ಲಿ ಸೀಸದ ಪೆಟ್ರೋಲು. 2000ದ ಹೊತ್ತಿಗೆ ಸೀಸ ದೇಶದಿಂದಲೇ ಹೋಯಿತು, ಹೊಸ ನಿಯಮಗಳ ಜೊತೆ ಎಂಪಿಎಫ್‌ಐ ಬಂತು, ಸೆನ್ಸರೂ ಬಂತು. 2010ರಲ್ಲಿ ಕಾರುಗಳಿಗೆ ಓಬಿಡಿ ಮೊದಲ ಹಂತ, 2013ರಲ್ಲಿ ಎರಡನೇದು. ಲಾಸ್ ಏಂಜಲೀಸಿನವರು ಐವತ್ತು ವರ್ಷದಲ್ಲಿ ಹಂತಹಂತವಾಗಿ ಕಲಿತದ್ದನ್ನು ನಮ್ಮ ಮೆಕ್ಯಾನಿಕ್ಕುಗಳು ಹದಿನೈದು ಚಿಲ್ಲರೆ ವರ್ಷದಲ್ಲಿ ನುಂಗಬೇಕಾಯಿತು, ಅದೂ ಯಾರೂ ಪಾಠ ಹೇಳಿಕೊಡದೆ. ಹಾಗಾಗಿ ಅವರನ್ನು ಬೈಯೋಕೆ ನನಗೆ ಬಾಯಿ ಬರೋದಿಲ್ಲ. ಲೈವ್ ಡೇಟಾ ನೋಡಲು ಪುರುಸೊತ್ತು, ಸಲಕರಣೆ, ತರಬೇತಿ ಮೂರೂ ಇದ್ದು ಕೋಡ್ ಓದಿ ಬಿಲ್ ಬರೆಯುವವರ ಮೇಲೆ ಮಾತ್ರ ನನ್ನ ತಕರಾರು.

2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಈ ಸೆನ್ಸರ್ ಬೈಕು, ಸ್ಕೂಟರುಗಳ ಪೈಪಿಗೂ ಇಳಿದಿದೆ. ಹಳ್ಳಿಯ ಬಸ್‌ಸ್ಟ್ಯಾಂಡ್ ಪಕ್ಕದ ಶೆಡ್ಡಿನಲ್ಲೂ ಈಗ ಅದೇ ಮಾತು, ಅದೇ ತೀರ್ಪು. ಅಂಥ ಕಡೆ ವೈರ್ ತುಂಡಾದರೆ ಸಾಲ್ಡರ್ ಹಾಕಿ, ಮೇಲೆ ಗ್ರೀಸ್ ಮೆತ್ತಿ, ಟೇಪ್ ಸುತ್ತಿ ಕೊಡುತ್ತಾರೆ. ಕೆಲಸ ನೋಡೋಕೆ ಚಂದ. ಆದರೆ ಅಣೆಕಟ್ಟಿನ ಇನ್ನೊಂದು ಕಡೆಗೆ ಹೊರಗಿನ ಗಾಳಿ ಬೇಕು ಅಂದೆನಲ್ಲ, ಎಷ್ಟೋ ಸೆನ್ಸರುಗಳಲ್ಲಿ ಆ ಗಾಳಿ ಒಳಗೆ ಹೋಗೋದು ವೈರಿನ ಎಳೆಗಳ ನಡುವಿನ ಸಂದಿನಿಂದಲೇ. ಸಾಲ್ಡರ್, ಗ್ರೀಸ್ ಎರಡೂ ಆ ದಾರಿ ಮುಚ್ಚುತ್ತವೆ. ಅಂಥ ಜಾಗದಲ್ಲಿ ಒತ್ತಿ ಕೂರಿಸುವ ಕ್ರಿಂಪ್ ಕನೆಕ್ಟರ್ ಬಳಸಬೇಕು, ವಾಟರ್ ಸರ್ವಿಸ್ ಮಾಡುವಾಗ ಆ ಕಪ್ಲರಿಗೆ ನೇರ ನೀರು ಹೊಡೆಯಬಾರದು. ಇದನ್ನು ನಮ್ಮ ಮೆಕ್ಯಾನಿಕ್ಕಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಹಳೇ ಸೆನ್ಸರಿನ ವೈರನ್ನು ಬಾಯಿಗಿಟ್ಟು ಊದಿ ನೋಡಿದರು, ಆಮೇಲೆ ಶೆಡ್ಡಿನ ಹುಡುಗನನ್ನು ಕರೆದು ಕ್ರಿಂಪ್ ತರೋಕೆ ಕಳಿಸಿದರು.